ಸುದ್ದಿ ಓದುವ ನಗರಸೇವಕ

೨೨ ಏಪ್ರಿಲ್ ೨೦೦೩, ಮಂಗಳವಾರ. ಧನಕವಡಿ.

ಇವತ್ತೂ ನಳದಲ್ಲಿ ನೀರು ಬರಲಿಲ್ಲ. ಕೇಬಲ್ ಚಾನೆಲ್ಲಿನ ಸುದ್ದಿಯಲ್ಲಿ ಮಾತ್ರ ನಮ್ಮ ವಾರ್ಡಿಗೆ ನೀರು ಬಂದಿದೆ. ಓದಿದಾತ ನಾವೇ ಓಟು ಹಾಕಿ ಗೆಲ್ಲಿಸಿದ ನಗರಸೇವಕ. ಗೆದ್ದ ಮೇಲೂ ಆ ಚಾನೆಲ್ಲಿನ ನೌಕರಿ ಬಿಟ್ಟಿಲ್ಲ. ನೀರು ಬಿಡಿಸಬೇಕಾದವನೇ ನೀರು ಬಂತೆಂದು ಓದಿದರೆ, ಬಂದಿಲ್ಲ ಎಂದು ಓದುವವರು ಯಾರು?

ಪಕ್ಕದ ಮನೆಯ ಶರಣಮ್ಮ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದಳು. "ಕಾಕಾ, ನಿಮ್ಮ ಟಿವಿ ಬುಡಕ ಕೊಡ ಇಡ್ಲೇನ್ರಿ?" ಇಬ್ಬರೂ ನಕ್ಕೆವು. ಅವಳು ಹೋದಳು. ಸಿಟ್ಟಿಗೆ ಟಿವಿ ಬಂದ್ ಮಾಡಿದೆ.

ನನ್ನ ಹೆಂಡತಿ ಕಲ್ಲವ್ವ ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತೇ ಇಲ್ಲ. ಆ ಸುಳ್ಳ ಮಾತ್ರ ದಿನಾ ಸುದ್ದಿ ಮುಗಿಸುವಾಗ, ಎಲ್ಲರದೂ ಊಟವಾಯಿತೇ ಎಂದು ಮರಾಠಿಯಲ್ಲಿ ಕೇಳುತ್ತಾನೆ.

ಮತ್ತೆ ಟಿವಿ ಹಚ್ಚಿದೆ. ಪುಣ್ಯಕ್ಕೆ, ಅವನು ಇನ್ನೂ ಕೇಳಿರಲಿಲ್ಲ.