ಸಿಂಕ್ ಕುಡಿದ ಕಷಾಯ

ರೀ,

ಸಿಂಕಿನ ನೀರು ಈಗ ಸರಾಗವಾಗಿ ಹೋಗುತ್ತಿದೆ. ನೀವು ಮಾಜು ದೇವಿಯ ಗುಡಿಯ ಜಗಲಿಗೆ ಚದುರಂಗಕ್ಕೆ ಹೋದಾಗ, ಪಕ್ಕದ ಓಣಿಯ ಪ್ಲಂಬರ್ ಕ್ವೋ ಬಂದು ಪೈಪಿಗೆ ಸ್ಪ್ರಿಂಗ್ ತಂತಿ ಹಾಕಿ ಎಳೆದರು. ಹೊರಬಂದದ್ದು ನಾವು ಅಂದುಕೊಂಡಂತೆ ಮೀನಿನ ಜಿಡ್ಡಲ್ಲ. ನಿಮ್ಮ ಮಂಡಿನೋವಿಗೆಂದು ಮೂರು ತಿಂಗಳಿಂದ ನಾನು ಕುದಿಸಿಕೊಟ್ಟ ಕಷಾಯದ ಚರಟ!

"ಅಕ್ಕಾ, ನಿಮ್ಮ ಪೈಪಿಗೆ ಇನ್ನು ಮಂಡಿನೋವು ಬರಲ್ಲ ಬಿಡಿ" ಎಂದು ಅವರು ನಕ್ಕರು. ನನಗೆ ಅಳುವೂ ಬಂತು, ನಗುವೂ ಬಂತು.

"ನೋವು ಹೋಯ್ತು ಕಣೇ" ಅಂತೀರಿ. ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ನಾನು ನೋಡಿಲ್ಲವೇ?

ಮೂಳೆ ಡಾಕ್ಟರ ಬಳಿ ಚೀಟಿ ಮಾಡಿಸಲು ಹೊರಟಿದ್ದೇನೆ. ಒಲೆಯ ಮೇಲಿನ ಹಾಲುಮೀನಿನ ಗಂಜಿ ತಿಂದು ಹನ್ನೊಂದಕ್ಕೆ ಅಲ್ಲಿಗೇ ಬನ್ನಿ. ಬೈಯುವುದಿಲ್ಲ. ಇವತ್ತು ಆ ಕಷಾಯವನ್ನು ನಾನೂ ಒಂದು ಗುಟುಕು ಕುಡಿದು ನೋಡಿದೆ. ಥೂ, ನಾನಾಗಿದ್ದರೂ ಚೆಲ್ಲುತ್ತಿದ್ದೆ.

ಸ್ಯೋಕ್-ಹುನ್