ಒಂದೇ ಗಂಗಾಳದ ಬೆಳಕು

೧೨ ಆಗಸ್ಟ್ ೨೦೦೩, ಮಂಗಳವಾರ. ಕುಷ್ಟಗಿ.

ಕಾಲೇಜಿನ ಲೇಸರ್ ಕೆಟ್ಟೈತಿ ಅಂತ ಎಲ್ಲರಿಗೂ ಹೇಳಿದವ ನಾನೇ. ಪೋಲರಾಯ್ಡ್ ಗಾಜು ಅಡ್ಡ ಹಿಡಿದರ ಗ್ವಾಡಿ ಮ್ಯಾಲಿನ ಕೆಂಪು ಚುಕ್ಕಿ ಒಮ್ಮೆ ಹೊಳೀತಿತ್ತು, ಒಮ್ಮೆ ಮಂಕಾಗತಿತ್ತು. ನಮ್ಮ ಕಡೆ ಏನು ಮಿಣುಕಿದರೂ ವೋಲ್ಟೇಜನ್ನ ಬೈತೀವಿ, ನಾನೂ ಬೈದೆ. ಸ್ಟೆಬಿಲೈಜರ್ ಹಚ್ಚಿದರೂ ಅದೇ ಹಾಡು. ನಾಳೆ ಗುಜರಿಗೆ ಹಾಕೋದಿತ್ತು.

ನನ್ನಂಗ ತಾತ್ಕಾಲಿಕ ಲೆಕ್ಚರರ್ ಆಗಿರೋ ಶಿವಲೀಲಾ, "ಸರ್, ಗಾಜು ತೆಗೀರಿ" ಅಂದರು. ತೆಗೆದೆ. ಬೆಳಕು ಒಂದೇ ಸಮ ನಿಂತಿತು.

"ಲೇಸರ್ ನಳಿಗಿ ಒಳಗ ಬೆಳಕಿನ ಎರಡು ಕಂಪನ ಅದಾವ್ರಿ. ಎರಡಕ್ಕೂ ಊಟ ಒಂದ ಗಂಗಾಳದಾಗ. ಒಂದು ಹೆಚ್ಚು ಉಂಡರ ಇನ್ನೊಂದಕ್ಕ ಕಡಿಮಿ. ನಿಮ್ಮ ಗಾಜು ಒಂದನ್ನಷ್ಟ ತೋರಸ್ತೈತಿ. ನಳಿಗಿ ಕಾದು ಬಿಸಿ ಆಗಲಿ, ಜಗಳ ನಿಧಾನ ಆಗತೈತಿ."

ಹಂಗೇ ಆತು. ಯಲಬುರ್ಗಾ ಬಸ್ಸು ತಪ್ಪಿದರೂ ಅವರು ಎದ್ದು ಹೋಗಲಿಲ್ಲ. ಗಾಜು ತಿರುವಿ ತಿರುವಿ, ಸೋಲೋ ಕಂಪನವನ್ನೂ ಗೆಲ್ಲೋದನ್ನೂ ಒಂದೇ ಅಕ್ಕರೆಯಿಂದ ನೋಡತಿದ್ದರು. ಅಂಥಾ ಕಣ್ಣು ನನಗಿಲ್ಲ.

ನಮ್ಮಿಬ್ಬರದೂ ಒಂದೇ ಗಂಗಾಳ. ಕಾಯಂ ಆಗೋ ಜಾಗ ಒಂದೇ ಐತಿ, ಇಬ್ಬರೂ ಅರ್ಜಿ ಹಾಕೀವಿ. ಅದು ಅವರಿಗೇ ಸಿಗಲಿ ಅಂತ ಈಗ ಮನಸಾರೆ ಅನಸ್ತೈತಿ. ಬೆಳಗಾದ ಮ್ಯಾಲೂ ಹಿಂಗೇ ಅನಿಸಿದರ ನನ್ನ ಅರ್ಜಿ ವಾಪಸ್ ತಗೋತೀನಿ.