ಅಡುಗೆಮನೆ ಬಾಗಿಲಿನ ವೂಫರ್

ಮರ್ಲ್,

ನೀನು ನನ್ನನ್ನು ಬಿಟ್ಟು ಹೋಬಾರ್ಟಿಗೆ, ನಿನ್ನ ಅಕ್ಕನ ಮನೆಗೆ ಹೊರಟುಹೋದಾಗಿನಿಂದ ಪೆಟ್ಟಿಗೆಯಲ್ಲೇ ಬಿದ್ದಿದ್ದ ಹೋಮ್ ಥಿಯೇಟರನ್ನು ಇವತ್ತು ಜೋಡಿಸಿದೆ. ಪಕ್ಕದ ಮನೆಯ ರಾಸ್ ಬಂದಿದ್ದ. ಅದರ ವೂಫರಿಗೆ, ಅಂದರೆ ತಗ್ಗು ದನಿಯ ದೊಡ್ಡ ಸ್ಪೀಕರ್ ಡಬ್ಬಕ್ಕೆ, ಸರಿಯಾದ ಜಾಗ ಹುಡುಕಲು ಒಂದು ಉಪಾಯವಿದೆ: ಅದನ್ನು ನಾವು ಕೂರುವ ಕುರ್ಚಿಯಲ್ಲಿಟ್ಟು, ಹಾಡು ಹಾಕಿ, ನಾವು ನೆಲದ ಮೇಲೆ ಅಂಬೆಗಾಲಿಡಬೇಕು. ಸದ್ದು ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲೇ ಅದನ್ನಿಡಬೇಕು.

"ಎಪ್ಪತ್ತರಲ್ಲಿ ಅಂಬೆಗಾಲು! ಬಾರೋ ಕಂದಾ, ಬಾ!" ಎಂದು ರಾಸ್ ಬಿಯರ್ ಹಿಡಿದು ನಕ್ಕ.

ಮೂಲೆಗಳಲ್ಲಿ ಬರೀ ಗುಂಯ್ ಎನ್ನುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಬಂದಾಗ ನಾದ ತುಂಬಿ ಬಂತು. ಶನಿವಾರ ನಾನು ಟಿವಿಯಲ್ಲಿ ಫುಟ್‌ಬಾಲ್ ನೋಡುವ ಹೊತ್ತಿಗೆ ಪಾತ್ರೆ ಒರೆಸುವ ಬಟ್ಟೆ ಹಿಡಿದು ನೀನು ನಿಲ್ಲುತ್ತಿದ್ದ ಜಾಗ. ಕೋಣೆಯಲ್ಲಿ ಕುರ್ಚಿ ಒಂದೇ ಇತ್ತಲ್ಲ.

"ಇಲ್ಲೇ ಇಡೋಣ," ಎಂದ ರಾಸ್.

"ಓಡಾಡೋ ದಾರಿ ಕಣೋ ಅದು."

"ಈಗ ಯಾರಪ್ಪಾ ಓಡಾಡ್ತಾರೆ?"

ಅಲ್ಲೇ ಇಟ್ಟೆವು. ದಾರಿ ಮುಚ್ಚಿತು. ಅವನು ಹೋದ ಮೇಲೆ ಚಹಾ ಬೇಕೆನಿಸಿ, ಮನೆ ಸುತ್ತಿ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋದೆ. ವೂಫರಿನ ಮೇಲಿಂದ ಇಣುಕಿ ನೋಡಿದೆ.

ಅಲ್ಲಿಂದ ಟಿವಿ ಅರ್ಧವೂ ಕಾಣುವುದಿಲ್ಲ, ಮರ್ಲ್. ಕಾಣುವುದು ನನ್ನ ಕುರ್ಚಿಯ ಬೆನ್ನು.